ಗ್ರಂಥಾಲಯದಲ್ಲಿ ಮಾಡಿ ಕಲಿಯುವ ವಿಜ್ಞಾನ

1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು. ಪುಸ್ತಕವನ್ನು ಕಾದಿಡುವುದಕ್ಕಿಂತ ಅದರ ಬಳಕೆಯೇ ಮುಖ್ಯವೆಂದು ಅವರು ಪ್ರತಿಪಾದಿಸಿದರು. ಅದೇ ಚೆನ್ನೈ ನಗರದಲ್ಲಿ 2010ರಲ್ಲಿ ಆರಂಭವಾದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ.

ಇಂತಹ ವಿಭಾಗದಲ್ಲಿ, ಓದಿದ್ದನ್ನು ಮಾಡಿ ನೋಡಲು ದುಬಾರಿ ಉಪಕರಣಗಳೇನೂ ಬೇಡ. ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸುವ ವಿಧಾನವನ್ನು ಅರವಿಂದ ಗುಪ್ತಾ ಅವರು 1970ರ ದಶಕದಲ್ಲಿಯೇ ರೂಪಿಸಿದರು. ಹೀಗೆ ಮಾಡಿದ ಚೌಕವು ಒತ್ತಿದೊಡನೆ ಓರೆಯಾಗುತ್ತದೆ. ತ್ರಿಕೋನವು ಮಾತ್ರ ಆಕಾರ ಬಿಡದು. ಬಾಹುಗಳ ಉದ್ದ ಬದಲಾಗದ ಹೊರತು ಅದರ ಕೋನಗಳು ಬದಲಾಗಲಾರವು. ರೈಲ್ವೆ ಸೇತುವೆಗಳ ಉಕ್ಕಿನ ಚೌಕಟ್ಟಿನಲ್ಲಿ ಓರೆ ಪಟ್ಟಿಗಳಿರುವುದು ಇದೇ ಕಾರಣದಿಂದ.

ಗ್ರಂಥಾಲಯದಲ್ಲಿ ಸದ್ದಾಗಬಾರದೆಂಬ ಆಕ್ಷೇಪಣೆ ಸಹಜವೇ. ಬೆಂಕಿಕಡ್ಡಿಗಳು ಸದ್ದು ಮಾಡುವುದಿಲ್ಲ, ಮಕ್ಕಳು ಮಾಡುತ್ತಾರೆ. ಅದಕ್ಕೊಂದು ಕೋಣೆಯನ್ನು ಬಿಟ್ಟುಕೊಟ್ಟರಾಯಿತು.