ಶಾಲೆಯ ಗೆರೆ ಎಲ್ಲಿ ಎಳೆಯಬೇಕು?

ಅಮೆರಿಕದಲ್ಲಿ ನೌಕರಿ ಹಿಡಿದ ಮಕ್ಕಳು ಮನೆ ಕೊಳ್ಳಲು ಹೊರಟಾಗ ಊರಿನಲ್ಲಿರುವ ಹಿರಿಯರಿಗೆ ಒಂದು ಸಂಗತಿ ಒಗಟಾಗಿ ಕಾಣುತ್ತದೆ. ಈ ಬೀದಿಯ ಮನೆಗೂ ಆ ಬೀದಿಯ ಮನೆಗೂ ಅಳತೆ ಒಂದೇ, ಬೆಲೆ ಮಾತ್ರ ಬೇರೆ. ಕಾರಣ ಕೇಳಿದರೆ ‘ಆ ಮನೆಗೆ ಒಳ್ಳೆಯ ಹೈಸ್ಕೂಲು ಬರುತ್ತದೆ’ ಎಂಬ ಉತ್ತರ. ಅಲ್ಲಿನ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಸಾಮಾನ್ಯವಾಗಿ ಪ್ರವೇಶ ಪರೀಕ್ಷೆಯೂ ಇಲ್ಲ. ಮನೆಯ ವಿಳಾಸವೇ ಪ್ರವೇಶಪತ್ರ. ಶಾಲಾ ಮಂಡಳಿ ನಕಾಶೆಯ ಮೇಲೆ ಗೆರೆ ಎಳೆದು, ಈಚೆಯವರು ಈ ಶಾಲೆಗೆ, ಆಚೆಯವರು ಆ ಶಾಲೆಗೆ ಎಂದು ಗೊತ್ತು ಮಾಡುತ್ತದೆ. ನಮ್ಮಲ್ಲಿ ಡೊನೇಷನ್ ಎಂದು ಕೊಡುವುದನ್ನು ಅಲ್ಲಿ ಮನೆ ಸಾಲದ ಕಂತಿನಲ್ಲಿ ಕಟ್ಟುತ್ತಾರೆ ಎಂದರೂ ನಡೆದೀತು.

ಈ ಗೆರೆಯನ್ನು ಯಾರು, ಯಾವ ಲೆಕ್ಕದಲ್ಲಿ ಎಳೆಯಬೇಕು? ಉತ್ತರ ಕ್ಯಾರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿ ಈ ಜಗಳ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದಿದೆ. ಅದರ ಆರಂಭಕ್ಕೂ ಭಾರತಕ್ಕೂ ಒಂದು ನಂಟಿದೆ.

ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ ಎಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಆದರೆ 1957ರ ಸೆಪ್ಟೆಂಬರಿನಲ್ಲಿ ಡೊರೊಥಿ ಕೌಂಟ್ಸ್ ಎಂಬ 15 ವರ್ಷದ ಕಪ್ಪು ಹುಡುಗಿ ಷಾರ್ಲಟ್‌ನ ಹಾರ್ಡಿಂಗ್ ಹೈಸ್ಕೂಲಿಗೆ ನಡೆದು ಹೋದಾಗ ಬಿಳಿಯ ಹುಡುಗರ ಗುಂಪು ಹಿಂದೆ ಬಿದ್ದು ಗೇಲಿ ಮಾಡಿತು, ಉಗುಳಿತು. ಆ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕೆಲವೇ ದಿನಗಳಲ್ಲಿ ತಂದೆ ಮಗಳನ್ನು ಶಾಲೆ ಬಿಡಿಸಿದರು.

ಡೇರಿಯಸ್ ಸ್ವಾನ್ ಎಂಬ ಕಪ್ಪು ವರ್ಣೀಯ ಮಿಷನರಿ ಭಾರತದಲ್ಲಿ ಹಲವು ವರ್ಷ ಕೆಲಸ ಮಾಡಿ 1964ರಲ್ಲಿ ಕುಟುಂಬದೊಂದಿಗೆ ಷಾರ್ಲಟ್‌ಗೆ ಬಂದರು. ಆರು ವರ್ಷದ ಮಗ ಜೇಮ್ಸ್‌ಗೆ ಮಂಡಳಿ ಗೊತ್ತು ಮಾಡಿದ್ದು ಕಪ್ಪು ಮಕ್ಕಳೇ ಇದ್ದ ಬಿಡಲ್‌ವಿಲ್ ಶಾಲೆ. ಎಲ್ಲ ಬಣ್ಣದ ಮಕ್ಕಳಿರುವ ಸೆವರ್ಸ್‌ವಿಲ್ ಶಾಲೆಗೆ ಸೇರಿಸಿ ಎಂದು ಸ್ವಾನ್ ಪತ್ರ ಬರೆದರು. ತಮ್ಮ ಮಗ ಭಾರತದಲ್ಲಿ ಬಣ್ಣದ ಭೇದ ಕಾಣದೆ ಬೆಳೆದಿದ್ದಾನೆ, ಅದು ಹಾಗೇ ಉಳಿಯಲಿ ಎಂಬುದು ಅವರ ವಾದದ ಸಾರ. ಜಾತಿಯ ನಾಡಿನಿಂದ ಬಂದವರು ಹೀಗೆ ಬರೆದರೆಂಬುದು ನಮಗೆ ಸ್ವಲ್ಪ ಮುಜುಗರದ ಹೊಗಳಿಕೆಯೇ ಸರಿ. ಮಂಡಳಿ ಒಪ್ಪಲಿಲ್ಲ. 1965ರಲ್ಲಿ ಸ್ವಾನ್ ಮತ್ತು ಇತರ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ವಕೀಲ ಜೂಲಿಯಸ್ ಚೇಂಬರ್ಸ್. ಅದೇ ವರ್ಷ ಅವರ ಮನೆಗೆ ಬಾಂಬು ಬಿತ್ತು.

‘ಪ್ರತಿ ಮಗುವೂ ತನ್ನ ನೆರೆಹೊರೆಯ ಶಾಲೆಗೆ ಹೋಗುತ್ತದೆ, ಇದರಲ್ಲಿ ತಪ್ಪೇನು?’ ಎಂಬುದು ಎದುರಾಳಿಗಳ ವಾದ. ಕೇಳಲು ಸರಿಯಾದ ಮಾತೇ. ಕೊಠಾರಿ ಆಯೋಗ ಕೂಡ 1966ರ ವರದಿಯಲ್ಲಿ ಭಾರತಕ್ಕೆ ನೆರೆಹೊರೆ ಶಾಲೆಯನ್ನೇ ಶಿಫಾರಸು ಮಾಡಿತು. ಆಯೋಗದ ಮನಸ್ಸಿನಲ್ಲಿದ್ದದ್ದು ಕೇರಿಯ ಮಗುವೂ ಬಂಗಲೆಯ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆ. ಷಾರ್ಲಟ್‌ನಲ್ಲಿ ಅದೇ ಪದ ಬೇರೆ ಬೇರೆ ಕೂರಿಸುವುದಕ್ಕೆ ನೆರವಾಯಿತು. ಏಕೆಂದರೆ ಅಲ್ಲಿ ನೆರೆಹೊರೆಯೇ ಒಡೆದಿತ್ತು. ಕಪ್ಪು ಜನರಿಗೆ ಮಾರಬಾರದು ಎಂಬ ಷರತ್ತು ಬಿಳಿಯರ ಬಡಾವಣೆಗಳ ಕ್ರಯಪತ್ರದಲ್ಲೇ ಇರುತ್ತಿತ್ತು. ಅವರಿದ್ದ ಬಡಾವಣೆಗಳಿಗೆ ಮನೆ ಸಾಲ ಹುಟ್ಟುತ್ತಿರಲಿಲ್ಲ. ನಗರದ ನಡುವೆ ಬ್ರೂಕ್ಲಿನ್ ಎಂಬ ಅವರದೇ ಬಡಾವಣೆಯಿತ್ತು. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಅದನ್ನು ಕೆಡವಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು.

ಇದು ತಾನಾಗಿ ಆದದ್ದಲ್ಲ, ಸರ್ಕಾರದ ಕೈವಾಡವೂ ಇದೆ ಎಂದು ಜಿಲ್ಲಾ ನ್ಯಾಯಾಧೀಶ ಜೇಮ್ಸ್ ಮೆಕ್‌ಮಿಲನ್ ಕಂಡುಕೊಂಡರು. ಆಗ ಅಲ್ಲಿದ್ದದ್ದು 107 ಶಾಲೆ, 84,000ಕ್ಕೂ ಹೆಚ್ಚು ಮಕ್ಕಳು. ಬಿಳಿಯರು ಶೇಕಡಾ 71, ಕಪ್ಪು ಮಕ್ಕಳು ಶೇಕಡಾ 29. ನಗರದ ಸುಮಾರು 14,000 ಕಪ್ಪು ಮಕ್ಕಳು ಓದುತ್ತಿದ್ದ 21 ಶಾಲೆಗಳಲ್ಲಿ ಬಿಳಿಯ ಮಗು ಹುಡುಕಿದರೂ ಸಿಗುವುದು ಕಷ್ಟವಿತ್ತು. ಗೆರೆಗಳನ್ನು ಹೊಸದಾಗಿ ಎಳೆಯಬೇಕು, ಬೇಕಾದರೆ ಮಕ್ಕಳನ್ನು ಬಸ್ಸಿನಲ್ಲಿ ಊರಿನ ಇನ್ನೊಂದು ಬದಿಗೆ ಒಯ್ಯಬೇಕು ಎಂದು ಆಜ್ಞೆಯಾಯಿತು. ಸುಪ್ರೀಂ ಕೋರ್ಟ್ 1971ರ ಏಪ್ರಿಲ್ 20ರಂದು ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಇದೇ ‘ಬಸ್ಸಿಂಗ್’.

ಬಸ್ಸಿಂಗ್ ಎಂದರೆ ಬಾಸ್ಟನ್ನಿನ ಕಲ್ಲುತೂರಾಟ ನೆನಪಾಗುವವರೇ ಹೆಚ್ಚು. ಷಾರ್ಲಟ್‌ನಲ್ಲೂ ಮೊದಮೊದಲು ಹೊಡೆದಾಟ, ಬಹಿಷ್ಕಾರ ನಡೆದವು. ಬಡ ಬಿಳಿಯರ ಮಕ್ಕಳು ಬಸ್ಸು ಹತ್ತಬೇಕು, ಸಿರಿವಂತರ ಮಕ್ಕಳು ಮನೆಯ ಹತ್ತಿರವೇ ಓದಬೇಕು ಎಂಬ ತಾರತಮ್ಯವೂ ಇತ್ತು. ನಾಗರಿಕರ ಸಮಿತಿಯೊಂದು ಕೂತು ಮಾತಾಡಿದ ಮೇಲೆ, 1974ರಲ್ಲಿ ನಗರದ ಅತಿ ಶ್ರೀಮಂತ ಈಸ್ಟ್‌ಓವರ್ ಬಡಾವಣೆಯ ಮಕ್ಕಳನ್ನು ಕಪ್ಪು ಜನರ ಹಳೆಯ ಶಾಲೆಯಾದ ವೆಸ್ಟ್ ಷಾರ್ಲಟ್ ಹೈಸ್ಕೂಲಿಗೆ ಹಾಕಲಾಯಿತು. ಅಸಲಿಗೆ ಗಲಾಟೆ ತಣ್ಣಗಾದದ್ದು ಆಗ. ನಗರದ ಗಣ್ಯರ ಮಕ್ಕಳೇ ಓದುವ ಶಾಲೆಯ ಸೂರು ಸೋರಲು ಯಾರು ಬಿಡುತ್ತಾರೆ? ಬಾಸ್ಟನ್ ಹೊತ್ತಿ ಉರಿಯುತ್ತಿದ್ದಾಗ ವೆಸ್ಟ್ ಷಾರ್ಲಟ್‌ನ ವಿದ್ಯಾರ್ಥಿಗಳು ಅಲ್ಲಿನ ವಿದ್ಯಾರ್ಥಿಗಳನ್ನು ‘ಬಂದು ನೋಡಿ’ ಎಂದು ಕರೆಸಿಕೊಂಡರು. 1984ರಲ್ಲಿ ಅಧ್ಯಕ್ಷ ರೇಗನ್ ಷಾರ್ಲಟ್‌ಗೆ ಬಂದು ಬಸ್ಸಿಂಗ್ ಸೋತ ಪ್ರಯೋಗ ಎಂದಾಗ ಅವರದೇ ಬೆಂಬಲಿಗರ ಸಭೆ ಮೌನವಾಯಿತು. ಸ್ಥಳೀಯ ಪತ್ರಿಕೆ ‘ಷಾರ್ಲಟ್ ಅಬ್ಸರ್ವರ್’ ಅಧ್ಯಕ್ಷರ ಮಾತು ತಪ್ಪೆಂದು ಸಂಪಾದಕೀಯ ಬರೆಯಿತು.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎನ್ನುವಂತಿಲ್ಲ. ಬಸ್ಸಿನ ಭಾರ ಹೆಚ್ಚಾಗಿ ಬಿದ್ದದ್ದು ಕಪ್ಪು ಮಕ್ಕಳ ಮೇಲೆ. ಅವರ ಸಮುದಾಯದ ಹೆಮ್ಮೆಯಾಗಿದ್ದ ಸೆಕೆಂಡ್ ವಾರ್ಡ್ ಹೈಸ್ಕೂಲು 1969ರಲ್ಲೇ ಮುಚ್ಚಿತ್ತು.

ಷಾರ್ಲಟ್‌ನಲ್ಲಿ ಸಾಧ್ಯವಾದದ್ದು ಡೆಟ್ರಾಯಿಟ್‌ನಲ್ಲಿ ಏಕೆ ಆಗಲಿಲ್ಲ? ಷಾರ್ಲಟ್ ನಗರವೂ ಸುತ್ತಲ ಮೆಕ್ಲೆನ್‌ಬರ್ಗ್ ಕೌಂಟಿಯೂ 1960ರಲ್ಲೇ ಒಂದೇ ಶಾಲಾ ಜಿಲ್ಲೆಯಾಗಿದ್ದವು. ಸಿಟ್ಟು ಬಂದವರು ಹೊರವಲಯಕ್ಕೆ ಮನೆ ಬದಲಿಸಿದರೂ ಗೆರೆ ಬಿಡುತ್ತಿರಲಿಲ್ಲ. ಡೆಟ್ರಾಯಿಟ್‌ನ ಹೊರವಲಯಗಳದು ಬೇರೆ ಬೇರೆ ಜಿಲ್ಲೆಗಳು. ಅವು ತಪ್ಪು ಮಾಡಿದ್ದಕ್ಕೆ ಪುರಾವೆಯಿಲ್ಲದೆ ನಗರದೊಂದಿಗೆ ಸೇರಿಸಲಾಗದು ಎಂದು ಸುಪ್ರೀಂ ಕೋರ್ಟ್ 1974ರಲ್ಲಿ 5-4ರ ಬಹುಮತದಿಂದ ಹೇಳಿತು. ಊರಿನ ಎಲ್ಲೆ ದಾಟಿದರೆ ಬಸ್ಸಿಂಗ್‌ನಿಂದಲೂ ಪಾರು ಎಂದಾಯಿತು.

1990ರ ದಶಕದಲ್ಲಿ ಷಾರ್ಲಟ್ ಬ್ಯಾಂಕುಗಳ ನಗರವಾಗಿ ಬೆಳೆಯಿತು. ಹಳೆಯ ಒಪ್ಪಂದದ ನೆನಪಿಲ್ಲದ ಜನ ಬಂದರು. ಮಗಳಿಗೆ ವಿಶೇಷ ಶಾಲೆಯೊಂದರಲ್ಲಿ ಸೀಟು ಸಿಗದ ಬಿಳಿಯ ತಂದೆಯೊಬ್ಬರು 1997ರಲ್ಲಿ ದಾವೆ ಹೂಡಿದರು. 1999ರಲ್ಲಿ ನ್ಯಾಯಾಧೀಶ ರಾಬರ್ಟ್ ಪಾಟರ್ ಬಸ್ಸಿಂಗ್ ಆಜ್ಞೆಯನ್ನು ಕೊನೆಗೊಳಿಸಿದರು. ಮೇಲ್ಮನವಿಗಳು ಮುಗಿದು 2002ರಲ್ಲಿ ನೆರೆಹೊರೆ ಶಾಲೆಯ ಗೆರೆಗಳು ಮರಳಿ ಬಂದವು. ವೆಸ್ಟ್ ಷಾರ್ಲಟ್‌ನಿಂದ ಬಿಳಿಯ ಮಕ್ಕಳು ಹೆಚ್ಚುಕಡಿಮೆ ಮಾಯವಾದರು. ಉಳಿದವರಲ್ಲಿ ಬಡವರೇ ಹೆಚ್ಚು.

ಪರಿಣಾಮ ಅಳೆಯಲು ಅರ್ಥಶಾಸ್ತ್ರಜ್ಞರಾದ ಬಿಲ್ಲಿಂಗ್ಸ್, ಡೆಮಿಂಗ್ ಮತ್ತು ರಾಕ್‌ಆಫ್ ಅವರಿಗೆ ಈ ಗೆರೆಗಳೇ ನೆರವಾದವು. ಒಂದೇ ಬಡಾವಣೆಯಲ್ಲಿದ್ದು ಹೊಸ ಗೆರೆಯ ಆಚೀಚೆ ಬಿದ್ದ ಮಕ್ಕಳನ್ನು ಅವರು ಹೋಲಿಸಿದರು. ಅಲ್ಪಸಂಖ್ಯಾತ ಮಕ್ಕಳು ಹೆಚ್ಚಿದ್ದ ಶಾಲೆಗೆ ಬಿದ್ದವರು, ಬಿಳಿಯರಿರಲಿ ಅಲ್ಲದಿರಲಿ, ಹೈಸ್ಕೂಲು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಅಲ್ಪಸಂಖ್ಯಾತ ಹುಡುಗರಲ್ಲಿ ಅಪರಾಧ ಹೆಚ್ಚಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಡವರ ಮಕ್ಕಳು ಮೇಲೇರುವ ಅವಕಾಶದಲ್ಲಿ ದೇಶದ 50 ದೊಡ್ಡ ನಗರ ಪ್ರದೇಶಗಳ ಪೈಕಿ ಷಾರ್ಲಟ್‌ಗೆ 50ನೆಯ ಸ್ಥಾನ. ಅದಕ್ಕೆ ಶಾಲೆಯೊಂದೇ ಕಾರಣವಲ್ಲವಾದರೂ ನಗರ ಬೆಚ್ಚಿಬಿದ್ದದ್ದು ನಿಜ.

ಈಗ ಹಳೆಯ ದಾರಿಯೂ ಮುಚ್ಚಿದೆ. ಮಗುವಿನ ಬಣ್ಣ ನೋಡಿ ಶಾಲೆ ಗೊತ್ತು ಮಾಡುವುದನ್ನು ಸುಪ್ರೀಂ ಕೋರ್ಟ್ 2007ರಲ್ಲಿ ತಡೆಯಿತು. ಬಡಾವಣೆಯ ಸ್ವರೂಪ ಗಮನಿಸಿ ಗೆರೆ ಎಳೆಯಬಹುದು ಎಂಬ ಕಿಂಡಿಯನ್ನು ನ್ಯಾಯಮೂರ್ತಿ ಕೆನಡಿ ಉಳಿಸಿದರು. ಷಾರ್ಲಟ್ ಮಂಡಳಿ ಆ ಕಿಂಡಿಯಲ್ಲೇ ನುಸುಳಿ, ಬಣ್ಣ ಬಿಟ್ಟು ಆರ್ಥಿಕ ಸ್ಥಿತಿ ನೋಡುತ್ತದೆ. 2017ರಲ್ಲಿ ಅಕ್ಕಪಕ್ಕದ ಬಡ ಮತ್ತು ಸಿರಿವಂತ ಪ್ರಾಥಮಿಕ ಶಾಲೆಗಳನ್ನು ಜೋಡಿ ಮಾಡಲು ತೀರ್ಮಾನಿಸಿತು. ಒಂದರಲ್ಲಿ ಕೆಳಗಿನ ತರಗತಿಗಳು, ಇನ್ನೊಂದರಲ್ಲಿ ಮೇಲಿನವು.

ನಗರದ ದಕ್ಷಿಣಕ್ಕೆ ಬ್ಯಾಲಂಟೈನ್ ರಿಜ್ ಎಂಬ ಹೊಸ ಹೈಸ್ಕೂಲು 2024ರಲ್ಲಿ ಬಾಗಿಲು ತೆರೆಯಿತು. ಅದರ ಗೆರೆ ಎಳೆಯುವಾಗ ಮಂಡಳಿಯ ಮುಂದಿದ್ದ ಅಳತೆಗೋಲುಗಳು ನಾಲ್ಕು: ಶಾಲೆ ಮನೆಗೆ ಹತ್ತಿರವಿರಬೇಕು, ಕಟ್ಟಡ ಕಿಕ್ಕಿರಿಯಲೂಬಾರದು ಖಾಲಿಯೂ ಇರಬಾರದು, ಒಟ್ಟಿಗೆ ಓದಿದ ಮಕ್ಕಳು ಮುಂದೆಯೂ ಒಟ್ಟಿಗಿರಬೇಕು, ಬಡವರೂ ಸಿರಿವಂತರೂ ಬೆರೆಯಬೇಕು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಕರಡು ನಕಾಶೆಗಳು ಹೊರಬಂದಂತೆಲ್ಲ ಪಾಲಕರು ಮಂಡಳಿಯ ಸಭೆಗಳಲ್ಲಿ ಸಾಲುಗಟ್ಟಿ ನಿಂತರು. 2023ರ ಜೂನಿನಲ್ಲಿ ಮಂಡಳಿ ಮತ ಹಾಕಿ ಗೆರೆಯನ್ನು ಅಂತಿಮಗೊಳಿಸಿತು.