ಗೋಮಾಳ ಯಾರದ್ದು? ಮೊದಲು ಪಹಣಿ ನೋಡಿ

"ಗೋಮಾಳ ಸರ್ಕಾರದ್ದು, ಯಾರಿಗೆ ಕೊಟ್ರೆ ನಮಗೇನು?" ನಮ್ಮ ಗುತ್ತೂರು, ಹರಿಹರ ಕಡೆ ಹುಡುಗರು ಸಲೀಸಾಗಿ ಹೀಗೆ ಹೇಳಿಬಿಡ್ತಾರೆ. ಸಾವಯವ ಮಾಡೋರಿಗೆ ಈ ಮಾತು ದುಬಾರಿ. ಮೇವಿಲ್ಲ ಅಂದ್ರೆ ದನ ಇಲ್ಲ, ದನ ಇಲ್ಲ ಅಂದ್ರೆ ಸಗಣಿ, ಗಂಜಲ ಇಲ್ಲ. ಆಮೇಲೆ ಜೀವಾಮೃತ ಎಲ್ಲಿಂದ ಬರಬೇಕು?

ಇದೇ ಪ್ರಶ್ನೆ ನಮ್ಮ ಪಕ್ಕದಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ಅದಕ್ಕೆ ನೀಲಗಿರಿ ಬೆಳೆದುಕೊಡಲು 1984ರಲ್ಲಿ ಸರ್ಕಾರ ಆ ಕಂಪನಿ ಜೊತೆ ಸೇರಿ 'ಕರ್ನಾಟಕ ಪಲ್ಪ್‌ವುಡ್ಸ್' ಕಟ್ಟಿತು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿ, 40 ವರ್ಷದ ಗುತ್ತಿಗೆ, ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ! ಕಾಗದದಲ್ಲಿ ಭೂಮಿ ಸರ್ಕಾರದ್ದು ನಿಜ, ಆದರೆ ಅಲ್ಲಿನ ಹುಲ್ಲು, ಸೌದೆ ನಂಬಿ ಬದುಕಿದ್ದು ಹಳ್ಳಿಯವರು. ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ, ಇನ್ನಷ್ಟು ಭೂಮಿ ಕೊಡದಂತೆ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ಕ್ಕೆ ಹಾನಗಲ್ ತಾಲ್ಲೂಕಿನ ಕುಸನೂರಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ: ಜನ ನೀಲಗಿರಿ ಸಸಿ ಕಿತ್ತು ಮೇವಿನ, ಹಣ್ಣಿನ ಗಿಡ ಹಚ್ಚಿದರು. 1991ರಲ್ಲಿ ಪಲ್ಪ್‌ವುಡ್ಸ್ ಮುಚ್ಚಿತು.

ಕಾನೂನು ಏನು ಹೇಳುತ್ತೆ? ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 71ರ ಪ್ರಕಾರ ದನ ಮೇಯಿಸಲು ಅಂತ ಕಾಯ್ದಿರಿಸಿದ ಜಾಗವನ್ನು ಜಿಲ್ಲಾಧಿಕಾರಿ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಎಷ್ಟು ಜಾಗ ಬಿಡಬೇಕು ಅನ್ನೋದು ನಿಯಮ 97ರಲ್ಲಿದೆ: 100 ದನಕ್ಕೆ 12 ಹೆಕ್ಟೇರ್. ಅಂದರೆ ಊರಲ್ಲಿ ದನ ಕಡಿಮೆ ಅಂತ ಲೆಕ್ಕ ಬಂದರೆ ಗೋಮಾಳ 'ಹೆಚ್ಚುವರಿ' ಆಗುತ್ತೆ, ಬೇರೆಯವರಿಗೆ ಕೊಡೋ ದಾರಿ ತೆರೆಯುತ್ತೆ. ಜಾನುವಾರು ಗಣತಿಯವರು ಬಂದಾಗ "ಎಷ್ಟೋ ಇವೆ, ಬರ್ಕೊಳ್ಳಿ" ಅನ್ನಬೇಡಿ, ಕರು ಸಮೇತ ಎಣಿಸಿ ಬರೆಸಿ. ನನ್ನ ಪ್ರಕಾರ ಗೋಮಾಳ ಉಳಿಸೋಕೆ ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ಒತ್ತುವರಿ ಆಗಿದ್ದರೆ 2011ರ ಜಗಪಾಲ್ ಸಿಂಗ್ ತೀರ್ಪು ನೆನಪಿರಲಿ. ಪಂಜಾಬಿನ ಒಂದು ಊರ ಕೆರೆಯ ಕೇಸು ಅದು. ಊರ ಸಾಮಾನ್ಯ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಅಂತ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ಈ ವಾರ ಗೋಮಾಳಕ್ಕೆ ಹೋಗಿ ನಿಂತು ದಿಶಾಂಕ್ ಆ್ಯಪ್ ತೆಗೆಯಿರಿ, ಸರ್ವೆ ನಂಬರ್ ಸಿಗುತ್ತೆ. ಆ ನಂಬರಿನ ಪಹಣಿಯನ್ನು 'ಭೂಮಿ' ವೆಬ್‌ಸೈಟಲ್ಲಿ ನೋಡಿ. ಜಾಗಕ್ಕೂ ದಾಖಲೆಗೂ ತಾಳೆ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಿ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.