ಜರಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

ಬೇಸಿಗೆಯ ಕೊನೆಗೆ ಇಂಡಿ ತಾಲ್ಲೂಕಿನ ಹೊರ್ತಿಯ ಸುತ್ತಲಿನ ಎರೆಹೊಲಗಳನ್ನು ನೋಡಿದ್ದೀರಾ? ನೆಲ ಬಾಯಿ ಬಿಟ್ಟಿರುತ್ತದೆ. ಇಂಥ ಬಿರುಕುಗಳ ಆಳದಲ್ಲಿ, ಬದುವಿನ ಕಲ್ಲುಗಳ ಅಡಿಯಲ್ಲಿ ಜರಿಗಳು ಅಡಗಿರುತ್ತವೆ. ಮೊದಲ ಮಳೆ ಬಿದ್ದೊಡನೆ ಅವು ಹೊರಬರುತ್ತವೆ. ಕಂಡವರು ಚಪ್ಪಲಿ ಎತ್ತುತ್ತಾರೆ. ಇದೇ ಜರಿಯನ್ನು (ಪಠ್ಯಪುಸ್ತಕದ ಶತಪದಿ) ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುದ್ದಿನಿಂದ ಸಾಕುವವರು ಹಲವು ದೇಶಗಳಲ್ಲಿದ್ದಾರೆ. ಹುಲಿಯಂತೆ ಕಿತ್ತಳೆ-ಕಪ್ಪು ಪಟ್ಟೆಗಳಿರುವ ನಮ್ಮ ದೇಶದ ಸ್ಕೊಲೊಪೆಂಡ್ರ ಹಾರ್ಡ್‌ವಿಕೆಗೆ ಅವರಲ್ಲಿ ಬಲು ಬೇಡಿಕೆ. ಸಾಕುವುದು ಅಷ್ಟೇನೂ ಕಷ್ಟವಲ್ಲ, ಮರಿ ಮಾಡಿಸುವುದು ಕಷ್ಟ. ಆದ್ದರಿಂದಲೇ ಮಾರಾಟಕ್ಕೆ ಬರುವ ಬಹಳಷ್ಟು ಜರಿಗಳು ಬಯಲಿನಿಂದ, ಕಾಡಿನಿಂದ ಹಿಡಿದು ತಂದವು. ಹೀಗಾಗಿ ಅವುಗಳ ವಂಶಾಭಿವೃದ್ಧಿಯ ತಿಳಿವಳಿಕೆ ಬರಿಯ ಹವ್ಯಾಸದ ಮಾತಲ್ಲ.

ಮೊದಲ ತೊಡಕು ಎಂದರೆ ಗಂಡು-ಹೆಣ್ಣನ್ನು ಗುರುತಿಸುವುದು. ಎರಡೂ ಒಂದೇ ಬಣ್ಣ, ಒಂದೇ ಆಕಾರ. ಕಾಲುಗಳನ್ನು ಎಣಿಸಿಯೂ ಪ್ರಯೋಜನವಿಲ್ಲ; ಸ್ಕೊಲೊಪೆಂಡ್ರಗಳಲ್ಲಿ ಎರಡಕ್ಕೂ ಸಾಮಾನ್ಯವಾಗಿ 21 ಜೊತೆ ಕಾಲುಗಳು. (ಪ್ರೌಢ ಶತಪದಿಗಳಲ್ಲಿ ಜೊತೆಗಳ ಸಂಖ್ಯೆ ಬೆಸವಾಗಿರುವುದರಿಂದ ಸರಿಯಾಗಿ ನೂರು ಕಾಲಿನ ಶತಪದಿ ಸಿಗುವುದಿಲ್ಲ. ಹೆಸರಿಟ್ಟವರು ಎಣಿಸಿರಲಿಲ್ಲ!) ಜನನಾಂಗಗಳು ಕೊನೆಯ ಕಾಲುಗಳ ಹಿಂದಿನ ಎರಡು ಚಿಕ್ಕ ಖಂಡಗಳಲ್ಲಿದ್ದು, ಸಾಮಾನ್ಯವಾಗಿ ಒಳಕ್ಕೆ ಸೇದಿಕೊಂಡಿರುತ್ತವೆ. ತಜ್ಞರು ಕಾರ್ಬನ್ ಡೈಆಕ್ಸೈಡಿನಿಂದ ಪ್ರಾಣಿಗೆ ಮಂಪರು ಬರಿಸಿ, ತುದಿಯನ್ನು ಮೆಲ್ಲಗೆ ಒತ್ತಿ ಅವನ್ನು ಹೊರಗೆ ಬರಿಸುತ್ತಾರೆ. ಒತ್ತಡ ತುಸು ಹೆಚ್ಚಾದರೂ ಪ್ರಾಣಿಗೆ ಅಪಾಯ, ಮಂಪರು ತುಸು ಕಡಿಮೆಯಾದರೆ ನಮಗೆ. ಜರಿಯ ವಿಷದ ಕೊಂಡಿಗಳು ಹಲ್ಲುಗಳಲ್ಲ, ಮಾರ್ಪಟ್ಟ ಮೊದಲ ಜೊತೆ ಕಾಲುಗಳು. ಅವು ಚುಚ್ಚಿದರೆ ತೀವ್ರ ನೋವು, ಬಾವು ಖಂಡಿತ. ಇದು ಶಾಲೆಯಲ್ಲಿ ಮಾಡುವ ಕೆಲಸವಲ್ಲ.

ಮುಟ್ಟದೆ ಗುರುತಿಸುವ ದಾರಿ ಕೆಲವು ಪ್ರಭೇದಗಳಲ್ಲಿ ಉಂಟು. ಭಾರತದಲ್ಲಿ ವ್ಯಾಪಕವಾಗಿರುವ ಸ್ಕೊಲೊಪೆಂಡ್ರ ಮಾರ್ಸಿಟಾನ್ಸ್‌ನ ಪ್ರೌಢ ಗಂಡಿನಲ್ಲಿ ಕಟ್ಟಕಡೆಯ ಕಾಲುಗಳ ಮೊದಲ ಕೆಲವು ಗೆಣ್ಣುಗಳ ಮೇಲ್ಭಾಗ ಚಪ್ಪಟೆಯಾಗಿದ್ದು ಅಂಚು ಎದ್ದಿರುತ್ತದೆ, ಹೆಣ್ಣಿನಲ್ಲಿ ದುಂಡಗಿರುತ್ತದೆ. ಪಾರದರ್ಶಕ ಡಬ್ಬಿಯ ಹೊರಗಿನಿಂದಲೇ ಮಸೂರ ಹಿಡಿದು ಇದನ್ನು ನೋಡಬಹುದು. ಆದರೆ ಎಳೆಯ ಗಂಡಿನಲ್ಲಿ ಈ ಗುರುತು ಕಾಣದು. ಕಾಲು ಮುರಿದು ಮತ್ತೆ ಬೆಳೆದಿದ್ದರೂ ನಂಬುವಂತಿಲ್ಲ. ಈ ಪ್ರಭೇದದ ಜನನಾಂಗಗಳನ್ನು 1950ರ ದಶಕದಲ್ಲಿ ವಿವರವಾಗಿ ಬಣ್ಣಿಸಿದವರು ನಮ್ಮವರೇ ಆದ ಬಿ.ಎಸ್. ಜಂಗಿ. 1984ರಲ್ಲಿ ಅವರು ದಾಸ್ ಅವರೊಡನೆ ದಕ್ಖನ್ನಿನ ಜರಿಗಳ ಬಗೆಗೂ ಬರೆದರು. ಪಶ್ಚಿಮ ಘಟ್ಟದ ಡಿಜಿಟೈಪಿಸ್ ಕುಲದಲ್ಲಂತೂ ಪ್ರೌಢ ಗಂಡಿನ ಕೊನೆಯ ಕಾಲಿನಲ್ಲಿ ಬೆರಳಿನಂಥ ಚಾಚು ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಜಾಹ್ನವಿ ಜೋಶಿ, ಲಂಡನ್ನಿನ ಗ್ರೆಗರಿ ಎಜ್‌ಕೂಂಬ್ ಅವರೊಂದಿಗೆ 2013ರಲ್ಲಿ ಈ ಕುಲವನ್ನು ಪರಿಷ್ಕರಿಸಿದರು.

ಕೂಡದೆಯೇ ಸಂತಾನ

ಗಂಡು ಹೆಣ್ಣು ಸಿಕ್ಕವು ಎನ್ನೋಣ. ಜರಿಗಳಲ್ಲಿ ನೇರ ಸಂಭೋಗವಿಲ್ಲ. ಯುರೋಪಿನ ಸ್ಕೊಲೊಪೆಂಡ್ರ ಸಿಂಗುಲಾಟ ಕುರಿತು ಹಾನ್ಸ್ ಕ್ಲಿಂಗೆಲ್ 1957ರಲ್ಲಿ ವರದಿ ಮಾಡಿದಂತೆ, ಗಂಡು ನೂಲಿನ ಚಿಕ್ಕ ಬಲೆ ನೇಯ್ದು ಅದರ ಮೇಲೆ ವೀರ್ಯದ ಪೊಟ್ಟಣವೊಂದನ್ನು ಇಡುತ್ತದೆ. ಹೆಣ್ಣು ಬಂದು ಅದನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ಮೊದಲು ಎರಡೂ ಒಂದರ ಹಿಂಭಾಗವನ್ನು ಇನ್ನೊಂದು ಮೀಸೆಗಳಿಂದ ತಟ್ಟುತ್ತವೆ. ಈ ಪರಿಚಯಕ್ಕೆ ಸಮಯವೂ ಮರೆಯೂ ಬೇಕು. ಹಸಿದ ಹೆಣ್ಣು ಗಂಡನ್ನು ತಿಂದುಬಿಡುವುದುಂಟು. ಆದ್ದರಿಂದ ಎರಡಕ್ಕೂ ಜಿರಳೆಯನ್ನೋ ಮಿಡತೆಯನ್ನೋ ಹೊಟ್ಟೆ ತುಂಬ ಕೊಟ್ಟು ಆಮೇಲೆ ಸೇರಿಸುವುದು, ಕೆಲಸವಾದ ಮೇಲೆ ಉದ್ದನೆಯ ಚಿಮುಟದಿಂದ ಗಂಡನ್ನು ಬೇರ್ಪಡಿಸುವುದು ರೂಢಿ.

ಒಣಹವೆಯ ಲೆಕ್ಕ

ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ಕೀಟಗಳಂತೆ ಜರಿಯ ಮೈಮೇಲೆ ಒಳ್ಳೆಯ ಮೇಣದ ಹೊದಿಕೆ ಇಲ್ಲ; ಉಸಿರು ರಂಧ್ರಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳಲೂ ಬಾರದು. ಮೈಯಿಂದ ನೀರು ಆವಿಯಾಗುವ ವೇಗ, ಗಾಳಿ ಇನ್ನೆಷ್ಟು ಆವಿಯನ್ನು ಹಿಡಿಯಬಲ್ಲದು ಎಂಬುದನ್ನು ಅವಲಂಬಿಸಿದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಂತೃಪ್ತ ಬಾಷ್ಪ ಒತ್ತಡ ಸುಮಾರು 55 ಮಿ.ಮೀ. ಪಾದರಸ. ಸಾಪೇಕ್ಷ ಆರ್ದ್ರತೆ ಶೇಕಡಾ 30 ಇದ್ದರೆ ಕೊರತೆ 38 ಮಿ.ಮೀ.ಗೂ ಹೆಚ್ಚು. ಕಲ್ಲಿನಡಿ 25 ಡಿಗ್ರಿಯಲ್ಲಿ ಸಂತೃಪ್ತ ಒತ್ತಡ 24 ಮಿ.ಮೀ.; ಆರ್ದ್ರತೆ ಶೇಕಡಾ 90 ಇದ್ದರೆ ಕೊರತೆ ಬರಿ 2.4 ಮಿ.ಮೀ. ಎಂದರೆ ಮೇ ತಿಂಗಳ ವಿಜಯಪುರ ಜಿಲ್ಲೆಯ ಬಯಲಿನಲ್ಲಿ ಜರಿ ಒಣಗುವ ಒತ್ತಾಯ ಕಲ್ಲಿನಡಿಗಿಂತ ಸುಮಾರು ಹದಿನಾರು ಪಟ್ಟು! ಹೊರ್ತಿಯ ಜರಿ ಬಿರುಕಿನಾಳಕ್ಕೆ ಇಳಿಯುವುದೇಕೆ ಎಂದು ಈಗ ತಿಳಿಯಿತಲ್ಲವೆ?

ಮರಿಗಳಿಗೆ ಅಪಾಯ ಇನ್ನೂ ಹೆಚ್ಚು. ಆಕಾರ ಒಂದೇ ಇದ್ದು ಉದ್ದ ಹತ್ತನೆಯ ಒಂದರಷ್ಟಾದರೆ, ತೂಕಕ್ಕೆ ಹೋಲಿಸಿದಾಗ ಮೈಯ ಹೊರಮೈ ವಿಸ್ತೀರ್ಣ ಹತ್ತು ಪಟ್ಟಾಗುತ್ತದೆ. ಹಾಗೆಂದು ಪೆಟ್ಟಿಗೆಯನ್ನೆಲ್ಲ ಕೆಸರು ಮಾಡಿದರೆ ಬೂಷ್ಟು ಹಿಡಿಯುತ್ತದೆ. ಜರಿಯ ಉದ್ದದಷ್ಟಾದರೂ ಆಳಕ್ಕೆ ಮಣ್ಣು ತುಂಬಿ, ಒಂದು ಬದಿಗೆ ಮಾತ್ರ ನೀರುಣಿಸಿ, ಮೇಲೊಂದು ಹೆಂಚಿನ ಚೂರು ಇಟ್ಟರೆ ತನಗೆ ಬೇಕಾದ ಜಾಗವನ್ನು ಪ್ರಾಣಿಯೇ ಆರಿಸಿಕೊಳ್ಳುತ್ತದೆ. ಆರ್ದ್ರತಾಮಾಪಕಕ್ಕಿಂತ ಅದರ ಆಯ್ಕೆ ಹೆಚ್ಚು ನಂಬಿಕೆಗೆ ಅರ್ಹ. ಮುಚ್ಚಳ ಮಾತ್ರ ಭದ್ರವಾಗಿರಲಿ.

ಹೆಣ್ಣು ಮಣ್ಣಿನೊಳಗೆ ಗೂಡು ಮಾಡಿ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ಅವುಗಳ ಸುತ್ತ ಮೈ ಸುತ್ತಿ, ಕಾಲುಗಳಲ್ಲಿ ಅಪ್ಪಿ ಹಿಡಿದು, ಆಗಾಗ ನೆಕ್ಕಿ ಶುಚಿ ಮಾಡುತ್ತ ವಾರಗಟ್ಟಲೆ ಉಪವಾಸವಿರುತ್ತದೆ. ತಾಯಿಯಿಂದ ಬೇರ್ಪಟ್ಟ ಮೊಟ್ಟೆಗಳಿಗೆ ಬೂಷ್ಟು ಹಿಡಿಯುತ್ತದೆ. ಸಾಕುವವರು ಸೋಲುವುದು ಹೆಚ್ಚಾಗಿ ಇಲ್ಲಿಯೇ: ಕುತೂಹಲ ತಾಳದೆ ಹೆಂಚು ಎತ್ತುತ್ತಾರೆ, ಗಾಬರಿಗೊಂಡ ತಾಯಿ ಮೊಟ್ಟೆಗಳನ್ನು ತಾನೇ ತಿಂದುಬಿಡುತ್ತದೆ. ಗೂಡನ್ನು ಗಾಜಿಗೆ ಒತ್ತಿಕೊಂಡು ಮಾಡಿದ್ದರೆ ಹೊರಗೊಂದು ಕಪ್ಪು ಕಾಗದ ಅಂಟಿಸಿ, ಕೆಂಪು ಬೆಳಕಿನಲ್ಲಿ ಕ್ಷಣಕಾಲ ನೋಡಬಹುದು. ಆಗಲೂ ಪೆಟ್ಟಿಗೆಯನ್ನು ಅಲುಗಿಸಬಾರದು, ಆಹಾರವಾಗಿ ಜೀವಂತ ಕೀಟವನ್ನು ಬಿಡಬಾರದು.

ಮರಿಗಳು ಬಿಳಿಯ ಬಣ್ಣದವು. 21 ಜೊತೆ ಕಾಲುಗಳು ಹುಟ್ಟಿನಿಂದಲೇ ಇರುತ್ತವೆ. ಒಂದೆರಡು ಬಾರಿ ಪೊರೆ ಕಳಚಿ ಬಣ್ಣ ಬಂದ ಮೇಲೆ ಅವು ತಾಯಿಯನ್ನು ಬಿಟ್ಟು ಚದುರುತ್ತವೆ. ಆಗ ಒಂದೊಂದನ್ನೂ ಬೇರೆ ಬೇರೆ ಚಿಕ್ಕ ಡಬ್ಬಿಗೆ ಹಾಕಿ, ಒದ್ದೆ ಮಣ್ಣಿನ ಮೇಲೆ ಸತ್ತ ಮಿಡತೆಯ ತುಂಡು ಇಡಬೇಕು. ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಪ್ರಭೇದಕ್ಕೂ ಉಷ್ಣತೆಗೂ ತಕ್ಕಂತೆ ಅವು ಪ್ರೌಢವಾಗಲು ಒಂದರಿಂದ ಮೂರು ವರ್ಷ ಬೇಕು. ಕೊನೆಯ ಕಾಲುಗಳನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳಲು ಅಲ್ಲಿಯವರೆಗೆ ಕಾಯಬೇಕು.